ಖಳನಾಗಿ ಬಂದ ದೇವರು

ವಿಡಿಯೋ ಗೇಮ್ ಎಂಬ ಮಾತು ಕಿವಿಗೆ ಬಿದ್ದೊಡನೆ ಪುಟ ತಿರುವಿಬಿಡಬೇಡಿ. ನಾನೂ ಆ ಆಟಗಳನ್ನು ಆಡಿ ಬೆಳೆದವನಲ್ಲ. ನಮ್ಮ ಕಾಲಕ್ಕೆ ಚೌಕಾಬಾರ, ಲಗೋರಿ, ಹೆಚ್ಚೆಂದರೆ ಕೇರಂ ಬೋರ್ಡು. ಕಾಲೇಜಿನಲ್ಲಿ ಓದಿದ್ದು ಭೌತವಿಜ್ಞಾನ, ಹೊಟ್ಟೆಪಾಡಿಗೆ ಹಿಡಿದದ್ದು ದೂರದರ್ಶನದ ನಿರ್ಮಾಪಕನ ಕೆಲಸ. ಪುರಾಣದಲ್ಲಿ ಪಂಡಿತನಲ್ಲ, ಗೇಮಿನಲ್ಲಂತೂ ಪಾಮರನೇ ಸರಿ. ಆದರೂ ಈ ವಿಷಯ ಎತ್ತಿಕೊಂಡು ನಿಮ್ಮ ಮುಂದೆ ಬರಬೇಕಾಯಿತು. ಕಾರಣ ನಮ್ಮ ಮನೆಯಲ್ಲೇ ಹುಟ್ಟಿದ ಒಂದು ಜಗಳ.

2023ರ ಬೇಸಿಗೆ. ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಅಕ್ಕನ ಮನೆ. ಅವಳ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ರಜೆಗೆ ಸ್ನೇಹಿತನಿಂದ ಪ್ಲೇಸ್ಟೇಷನ್ ಎರವಲು ತಂದು ಟೀವಿಗೆ ಸಿಕ್ಕಿಸಿಕೊಂಡು ಕೂತಿದ್ದ. ಭದ್ರಾವತಿಯ ನ್ಯೂಟೌನಿನಿಂದ ನಮ್ಮ ತಂದೆ ಮೊಮ್ಮಗನನ್ನು ನೋಡಲು ಬಂದಿದ್ದರು. ಅವರು ಅಲ್ಲಿನ ಉಕ್ಕಿನ ಕಾರ್ಖಾನೆಯ ಫೋರ್ಜ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಟೀವಿಯ ಮೇಲೆ ಹಿಮದ ನಡುವೆ ಗಡ್ಡದ ಯೋಧನೊಬ್ಬ ಒಬ್ಬ ದಢೂತಿ ಮನುಷ್ಯನ ಜೊತೆ ಬಡಿದಾಡುತ್ತಿದ್ದಾನೆ. ಆ ದಢೂತಿಯ ಕೈಯಲ್ಲಿ ಗಿಡ್ಡ ಹಿಡಿಯ ಒಂದು ಸುತ್ತಿಗೆ. ಅಪ್ಪನ ಕಣ್ಣು ಮೊದಲು ಹೋದದ್ದು ಆ ಸುತ್ತಿಗೆಯ ಮೇಲೆ.

‘ಯಾರೋ ಅವನು?’

‘ಥಾರ್ ಅಂತ ಅಜ್ಜ. ಅವರ ಕಡೆ ಗುಡುಗಿನ ದೇವರು.’

‘ದೇವರಾ? ದೇವರನ್ನೇ ಹೊಡೀತಿದೀಯಲ್ಲೋ!’

‘ಇವನು ಕೆಟ್ಟ ದೇವರು ಅಜ್ಜ. ಕೊಲೆಗಡುಕ, ಕುಡುಕ. ಇವರಪ್ಪ ಓಡಿನ್ ಅಂತಿದಾನೆ, ಅವನು ಇನ್ನೂ ಕೆಟ್ಟವನು.’

ಅಪ್ಪ ಮರುಮಾತಾಡಲಿಲ್ಲ. ರಾತ್ರಿ ಉಳಿಯಬೇಕೆಂದು ಬಂದವರು ಸಂಜೆಯ ಬಸ್ಸಿಗೇ ಭದ್ರಾವತಿಗೆ ಹೊರಟುಹೋದರು. ರಾತ್ರಿ ನನಗೆ ಫೋನು. ‘ಇವತ್ತು ಅವರ ದೇವರು, ನಾಳೆ ನಮ್ಮ ದೇವರು. ನೀನು ಟೀವಿಯೋನು. ಇದಕ್ಕೇನು ಹೇಳ್ತೀಯಪ್ಪಾ?’

ನನಗೆ ಏನೂ ಹೇಳಲು ತೋಚಲಿಲ್ಲ. ಅಜ್ಜ ಮೊಮ್ಮಕ್ಕಳ ನಡುವೆ ಮಾತು ನಿಂತಿತು. ಅಕ್ಕ ಇಬ್ಬರನ್ನೂ ಬೈದಳು. ಕೊನೆಗೆ ನನ್ನನ್ನೂ ಬೈದಳು. ಹೀಗಾಗಿ, ನಲವತ್ತು ದಾಟಿದ ಮೇಲೆ, ಈ ನಾರ್ಸ್ ದೇವತೆಗಳ ಬೆನ್ನು ಹತ್ತುವ ಕೆಲಸ ನನ್ನ ಪಾಲಿಗೆ ಬಂತು.

ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲೆಂಡುಗಳ ಪ್ರಾಚೀನ ಜನರ ದೇವತೆಗಳಿವರು. ಓಡಿನ್ ಹಿರಿಯ. ಜ್ಞಾನಕ್ಕಾಗಿ ತನ್ನ ಒಂದು ಕಣ್ಣನ್ನೇ ಮಿಮಿರನ ಬಾವಿಗೆ ಒತ್ತೆಯಿಟ್ಟವನು, ವೇಷ ಮರೆಸಿಕೊಂಡು ಲೋಕ ಸುತ್ತುವವನು. ಅವನ ಮಗ ಥಾರ್ ಗುಡುಗಿನ ಒಡೆಯ. ಮ್ಯೋಲ್ನಿರ್ ಎಂಬ ಸುತ್ತಿಗೆ ಎಸೆದು ದೈತ್ಯರನ್ನು ಕೆಡವುವವನು. ಬಾಲ್ಡರ್ ಎಲ್ಲರ ಕಣ್ಮಣಿ. ಲೋಕಿ ತಂತ್ರಗಾರ. ಇವರೆಲ್ಲ ನಮಗೆ ಅಪರಿಚಿತರೆಂದು ತಿಳಿಯಬೇಡಿ. ವಾರಕ್ಕೆರಡು ಸಲ ನಾವೇ ಇವರ ಹೆಸರು ಹೇಳುತ್ತೇವೆ. ಇಂಗ್ಲಿಷಿನ ಥರ್ಸ್‌ಡೇ ಎಂದರೆ ಥಾರನ ದಿನ, ವೆಡ್ನೆಸ್‌ಡೇ ಎಂದರೆ ಓಡಿನ್‌ನ ದಿನ.

ಇವರ ಕತೆಗಳು ನಮ್ಮ ಕಾಲದವರೆಗೆ ಬಂದ ದಾರಿ ಸ್ವಾರಸ್ಯಕರವಾಗಿದೆ. ಕ್ರಿ.ಶ. 1000ದ ಹೊತ್ತಿಗೆ ಐಸ್‌ಲೆಂಡ್ ಕ್ರೈಸ್ತಮತವನ್ನು ಒಪ್ಪಿಕೊಂಡಿತು. ಅದಾಗಿ ಸುಮಾರು ಇನ್ನೂರು ವರ್ಷಗಳ ಮೇಲೆ, 1220ರ ಆಸುಪಾಸಿನಲ್ಲಿ, ಅಲ್ಲಿನ ಸ್ನೋರಿ ಸ್ಟರ್ಲುಸನ್ ಎಂಬ ವಿದ್ವಾಂಸ ಈ ಕತೆಗಳನ್ನು ಎಡ್ಡಾ ಎಂಬ ಗ್ರಂಥದಲ್ಲಿ ಗದ್ಯವಾಗಿ ಬರೆದಿಟ್ಟ. ಅವನೂ ಕ್ರೈಸ್ತನೇ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ನೀವು ನೋಡಿರಬಹುದು. ಮೂರು ಗರ್ಭಗುಡಿಗಳ ಆ ಹೊಯ್ಸಳ ಗುಡಿಯೂ ಅದೇ 13ನೆಯ ಶತಮಾನದ್ದು. ನಮ್ಮ ಕಡೆಯ ಶಿಲ್ಪಿ ತಾನು ಕೈಮುಗಿಯುವ ದೇವರನ್ನು ಕಲ್ಲಿನಲ್ಲಿ ಬಿಡಿಸುತ್ತಿದ್ದ ಕಾಲದಲ್ಲಿ, ಅಲ್ಲೊಬ್ಬ ತಾನು ಕೈಮುಗಿಯದ ದೇವರನ್ನು ಚರ್ಮದ ಹಾಳೆಗಿಳಿಸುತ್ತಿದ್ದ. ಅಂದರೆ ಥಾರ್ ಮತ್ತು ಓಡಿನ್ ನಮಗೆ ಸಿಕ್ಕಿರುವುದೇ ಪರರ ಬಾಯಿಂದ. ಈ ಮಾತನ್ನು ಮರೆಯದಿರೋಣ, ಮುಂದೆ ಬೇಕಾಗುತ್ತದೆ.

ಇನ್ನು ಆಟಕ್ಕೆ ಬರೋಣ. ನನ್ನ ಸೋದರಳಿಯ ಆಡುತ್ತಿದ್ದದ್ದು ‘ಗಾಡ್ ಆಫ್ ವಾರ್ ರಾಗ್ನರೋಕ್’. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಸ್ಟುಡಿಯೋ ತಯಾರಿಸಿದ್ದು, 2022ರ ನವೆಂಬರಿನಲ್ಲಿ ಬಂದದ್ದು. ಇದರ ಹಿಂದಿನ ಭಾಗ 2018ರಲ್ಲಿ ಬಂದಿತ್ತು. ಕ್ರೇಟೋಸ್ ಎಂಬ ಗ್ರೀಕ್ ಯೋಧ ತನ್ನ ನಾಡಿನ ದೇವತೆಗಳನ್ನೆಲ್ಲ ಸಂಹರಿಸಿ, ಪಶ್ಚಾತ್ತಾಪದಿಂದ ಉತ್ತರದ ಹಿಮಭೂಮಿಗೆ ಬಂದು, ಹೆಂಡತಿ ತೀರಿಕೊಂಡ ಮೇಲೆ ಮಗನೊಡನೆ ಬಾಳುತ್ತಿದ್ದಾನೆ. ಅವನನ್ನು ನೆಮ್ಮದಿಯಾಗಿರಲು ಬಿಡದವರೇ ಈ ನಾರ್ಸ್ ದೇವತೆಗಳು. ಮೊದಲ ಭಾಗದಲ್ಲಿ ಬಾಲ್ಡರ್ ಖಳ. ಎಡ್ಡಾದಲ್ಲಿ ಅವನಿಗೆ ಯಾವ ವಸ್ತುವಿನಿಂದಲೂ ಸಾವಿಲ್ಲ, ಮಿಸಲ್‌ಟೋ ಎಂಬ ಒಂದು ಬಂದಳಿಕೆ ಗಿಡದ ಹೊರತು. ಆಟದಲ್ಲೂ ಅದೇ ವರ. ಆದರೆ ಆ ವರದಿಂದಾಗಿ ಅವನಿಗೆ ರುಚಿ, ಬಿಸಿ, ತಂಪು, ನೋವು ಯಾವುದೂ ತಿಳಿಯದೆ ಹುಚ್ಚು ಹಿಡಿದಿದೆ. ವರ ಕೊಟ್ಟ ತಾಯಿಯನ್ನೇ ಅವನು ದ್ವೇಷಿಸುತ್ತಾನೆ. ಹಿರಣ್ಯಕಶಿಪುವಿನ ಕತೆ ಕೇಳಿ ಬೆಳೆದ ನಮಗೆ ವರವೇ ಶಾಪವಾಗುವುದು ಹೊಸದೇನಲ್ಲ. ಆದರೂ ಈ ಕಲ್ಪನೆ ಓದಿದಾಗ ನನಗೆ ಮೈ ಜುಮ್ಮೆಂದಿತು.

ಎರಡನೆಯ ಭಾಗದ ಥಾರ್ ಮಕ್ಕಳನ್ನು ಕಳೆದುಕೊಂಡವನು, ಕುಡಿತಕ್ಕೆ ಬಿದ್ದವನು, ತಂದೆಯ ಅಪ್ಪಣೆಯಂತೆ ದೈತ್ಯಕುಲವನ್ನೇ ಅಳಿಸಿಹಾಕಿದವನು. ಓಡಿನ್ ಅಂತೂ ಕಿರೀಟ ಕವಚಗಳಿಲ್ಲದ, ಮೆಲುದನಿಯ, ಸಣಕಲು ಮುದುಕ. ಮನೆಗೆ ಬಂದು ಎದುರಿಗೆ ಕೂತು ನಯವಾಗಿ ಮಾತಾಡುತ್ತಾನೆ. ನಾನು ಕ್ಯಾಮೆರಾದ ಹಿಂದೆ ವರ್ಷಗಳನ್ನು ಕಳೆದವನು. ಖಳನನ್ನು ಕಿರುಚಾಡಿಸುವುದು ಎಷ್ಟು ಸುಲಭ, ಪಿಸುಮಾತಿನಲ್ಲಿ ಹೆದರಿಸುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲೆ. ಇನ್ನೊಂದು ಮಾತು. 2018ರ ಆಟ ಮೊದಲಿನಿಂದ ಕೊನೆಯವರೆಗೆ ಎಲ್ಲೂ ಕತ್ತರಿ ಕಾಣದ ಹಾಗೆ ಒಂದೇ ಶಾಟ್‌ನಲ್ಲಿ ಸಾಗುತ್ತದೆ. ಇಪ್ಪತ್ತು ನಿಮಿಷದ ನಾಟಕವನ್ನು ಒಂದೇ ಶಾಟ್‌ನಲ್ಲಿ ತೆಗೆಯಲು ಹೋಗಿ ಕೈ ಸುಟ್ಟುಕೊಂಡಿರುವ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಹಾಗಾದರೆ ದೇವರನ್ನು ಹೀಗೆ ಖಳನಾಗಿಸಲು ಇವರಿಗೆ ಧೈರ್ಯ ಬಂದದ್ದೆಲ್ಲಿಂದ? ಪೂಜಿಸುವವರಿಲ್ಲದ ದೇವರೆಂದೆ? ಅದು ನಿಜವಲ್ಲ. ಐಸ್‌ಲೆಂಡಿನಲ್ಲಿ ಈ ಹಳೆಯ ನಂಬಿಕೆಯವರ ಸಂಘವೊಂದು 1972ರಲ್ಲಿ ಹುಟ್ಟಿತು, 1973ರಲ್ಲಿ ಅದಕ್ಕೆ ಸರ್ಕಾರದ ಮಾನ್ಯತೆಯೂ ದೊರೆಯಿತು. ಇಂದು ಅದಕ್ಕೆ ಸಾವಿರಾರು ಸದಸ್ಯರಿದ್ದಾರೆ. ಉತ್ತರ ಬೇರೆ ಕಡೆ ಇದೆ. ಎಡ್ಡಾದಲ್ಲೇ ಇದೆ.

ಅಲ್ಲಿ ದೇವತೆಗಳಿಗೆ ತಮ್ಮ ಅಂತ್ಯ ಮೊದಲೇ ತಿಳಿದಿದೆ. ರಾಗ್ನರೋಕ್ ಎಂಬ ಮಹಾಯುದ್ಧದಲ್ಲಿ ಓಡಿನ್‌ನನ್ನು ತೋಳ ನುಂಗುತ್ತದೆ, ಥಾರ್ ಮಹಾಸರ್ಪವನ್ನು ಕೊಂದು ಅದರ ವಿಷಕ್ಕೆ ತಾನೂ ಬೀಳುತ್ತಾನೆ. ಇದನ್ನರಿತ ಓಡಿನ್ ಆ ದಿನಕ್ಕಾಗಿ ಸತ್ತ ವೀರರನ್ನು ಕೂಡಿಹಾಕುತ್ತಾನೆ, ಸುಳ್ಳು ಹೇಳುತ್ತಾನೆ, ಆಣೆ ಮುರಿಯುತ್ತಾನೆ. ಥಾರನೋ, ಕತೆಯ ತುಂಬ ದೈತ್ಯರನ್ನು ಬಡಿಯುವುದೇ ಅವನ ಕಾಯಕ. ದೇವತೆಗಳ ಕಡೆ ನಿಂತು ನೋಡಿದರೆ ಆತ ರಕ್ಷಕ. ದೈತ್ಯರ ಕಡೆಯಿಂದ ನೋಡಿದರೆ? ಆಟ ಮಾಡಿದವರು ಕುರ್ಚಿಯನ್ನು ಎಳೆದು ದೈತ್ಯರ ಪಕ್ಕಕ್ಕೆ ಹಾಕಿಕೊಂಡರು, ಅಷ್ಟೆ. ಕ್ರೇಟೋಸನ ಹೆಂಡತಿ ದೈತ್ಯಕುಲದವಳು, ಮಗ ಅವಳ ಮಗ.

ಇದಕ್ಕಿಂತ ತೀವ್ರವಾದ ಉದಾಹರಣೆ ‘ಹೆಲ್‌ಬ್ಲೇಡ್’ ಎಂಬ 2017ರ ಬ್ರಿಟಿಷ್ ಆಟ. ಅದರ ನಾಯಕಿ ಸೆನುವಾ, ಸ್ಕಾಟ್ಲೆಂಡಿನ ಕಡೆಯ ಪಿಕ್ಟ್ ಬುಡಕಟ್ಟಿನ ಹೆಣ್ಣು, ಮನೋವ್ಯಾಧಿಯಿಂದ ಬಳಲುವವಳು. ಅವಳ ನಲ್ಲನನ್ನು ದಾಳಿಗೆ ಬಂದ ಉತ್ತರದವರು ತಮ್ಮ ದೇವರಿಗೆ ಬಲಿಕೊಟ್ಟಿದ್ದಾರೆ. ಅವಳ ಕಣ್ಣಿಗೆ ನಾರ್ಸ್ ದೇವತೆಗಳು ಹೇಗೆ ಕಾಣಬೇಕು? ಊರಿಗೆ ಬೆಂಕಿಯಿಟ್ಟವನ ದೇವರು ಉರಿದುಹೋದ ಊರಿನವರಿಗೆ ದೇವರಾಗಿ ಕಾಣುವುದುಂಟೆ?

ಇಷ್ಟು ಓದಿಕೊಂಡ ಮೇಲೆ ನನಗೆ ನೆನಪಾದವನು ನಮ್ಮ ದೇವೇಂದ್ರ.

ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಥಾರನಿಗೆ ಸುತ್ತಿಗೆ, ಇಂದ್ರನಿಗೆ ವಜ್ರಾಯುಧ. ಸುತ್ತಿಗೆಯನ್ನು ಕುಬ್ಜ ಕಮ್ಮಾರರು ಮಾಡಿಕೊಟ್ಟರು, ವಜ್ರವನ್ನು ತ್ವಷ್ಟೃ ದಧೀಚಿಯ ಎಲುಬಿನಿಂದ ಕಡೆದ. ಥಾರನ ವೈರಿ ಮಹಾಸರ್ಪ, ಇಂದ್ರನ ವೈರಿ ನೀರನ್ನು ತಡೆದು ಮಲಗಿದ ವೃತ್ರ. ಇಬ್ಬರೂ ತಿನ್ನುವುದರಲ್ಲಿ ಕುಡಿಯುವುದರಲ್ಲಿ ಹಿಂದೆ ಬಿದ್ದವರಲ್ಲ. ಗುಡುಗು ಕೇಳಿ ಬೆಚ್ಚಿದ ಮನುಷ್ಯ ಎಲ್ಲ ಕಡೆಯೂ ಒಂದೇ ರೀತಿ ಊಹಿಸಿರಬೇಕು. (ಸಿಡಿಲು ಹಾಯ್ದ ಗಾಳಿ ಕ್ಷಣಮಾತ್ರದಲ್ಲಿ 30,000 ಡಿಗ್ರಿಯಷ್ಟು ಕಾದು, ಹಿಗ್ಗಿ, ಸ್ಫೋಟಿಸುವ ಸದ್ದೇ ಗುಡುಗು. ಇದು ತಿಳಿದಿದ್ದರೂ ಮಲೆನಾಡಿನ ಮೊದಲ ಮಳೆಯ ಗುಡುಗಿಗೆ ನಾನು ಈಗಲೂ ‘ಅರ್ಜುನ, ಫಲ್ಗುಣ’ ಎನ್ನುತ್ತೇನೆ. ಅರ್ಜುನ ಇಂದ್ರನ ಮಗ ತಾನೆ?)

ಋಗ್ವೇದದ 1,028 ಸೂಕ್ತಗಳಲ್ಲಿ ಹತ್ತಿರ ಹತ್ತಿರ ಕಾಲುಭಾಗ ಇಂದ್ರನ ಸ್ತುತಿ. ಅಂಥ ಇಂದ್ರ ಪುರಾಣಗಳಿಗೆ ಬರುವಷ್ಟರಲ್ಲಿ ಏನಾದ? ಅಹಲ್ಯೆಯ ಬಾಗಿಲಲ್ಲಿ ಗೌತಮನ ವೇಷದಲ್ಲಿ ನಿಂತ. ಋಷಿಗಳ ತಪಸ್ಸು ಕೆಡಿಸಲು ಅಪ್ಸರೆಯರನ್ನು ಕಳಿಸಿದ. ಗೋಕುಲದವರು ಪೂಜೆ ನಿಲ್ಲಿಸಿದರೆಂದು ಏಳು ದಿನ ಮಳೆ ಸುರಿಸಿ ದನಕರುಗಳ ಸಹಿತ ಮುಳುಗಿಸಲು ಹೊರಟ. ಹಳೇಬೀಡಿನ ಗೋಡೆಯ ಮೇಲೆ ಗೋವರ್ಧನವನ್ನೆತ್ತಿದ ಕೃಷ್ಣನನ್ನು ನೋಡಿ ನಾವು ಹಿಗ್ಗುತ್ತೇವೆ. ಆ ಚಿತ್ರದ ಖಳನಾಯಕ ಯಾರು? ದೇವತೆಗಳ ರಾಜನೇ. ಯಕ್ಷಗಾನದಲ್ಲೂ ನೋಡಿ. ದೇವೇಂದ್ರನ ಒಡ್ಡೋಲಗ ಎಷ್ಟು ಠೀವಿಯದೋ, ರಕ್ಕಸ ಬಂದು ಅಬ್ಬರಿಸಿದ ಮೇಲೆ ಅವನ ಪಲಾಯನ ಅಷ್ಟೇ ನಗೆ ಬರಿಸುವಂಥದು. ಜನ ನಗುತ್ತಾರೆ, ಯಾರೂ ಎದ್ದು ದೇವರಿಗೆ ಅಪಮಾನವಾಯಿತೆಂದು ಕೂಗುವುದಿಲ್ಲ. ಥಾರನ ಜನವೂ ನಕ್ಕಿದ್ದಾರೆ. ಕಳುವಾದ ಸುತ್ತಿಗೆಯನ್ನು ಮರಳಿ ಪಡೆಯಲು ಆ ಗಡ್ಡದ ದೇವರು ಮದುವಣಗಿತ್ತಿಯ ಸೀರೆ ಸೆರಗಿನಲ್ಲಿ, ಅಂದರೆ ಅವರ ಕಡೆಯ ಉಡುಪಿನಲ್ಲಿ, ದೈತ್ಯನ ಮನೆಗೆ ಹೋದ ಕತೆ ಅವರ ಹಳೆಯ ಹಾಡುಗಳಲ್ಲೇ ಇದೆ.

ಕನ್ನಡದಲ್ಲಿ ಇದರ ಬಹು ದೊಡ್ಡ ಸಾಕ್ಷಿ ಪಂಪ. ಕ್ರಿ.ಶ. 941ರ ಸುಮಾರಿಗೆ ಅವನು ಬರೆದ ಎರಡು ಕಾವ್ಯಗಳನ್ನು ಅಕ್ಕಪಕ್ಕ ಇಡಿ. ‘ಆದಿಪುರಾಣ’ದ ಇಂದ್ರ ಜಿನಭಕ್ತ. ಭೋಗದಲ್ಲಿ ಮೈಮರೆತ ಆದಿದೇವನಿಗೆ ವೈರಾಗ್ಯ ಹುಟ್ಟಬೇಕೆಂದು, ಆಯುಸ್ಸು ಮುಗಿಯುತ್ತ ಬಂದಿದ್ದ ನೀಲಾಂಜನೆಯ ನೃತ್ಯವನ್ನು ಏರ್ಪಡಿಸುತ್ತಾನೆ. ಅವಳು ಕುಣಿಯುತ್ತಲೇ ಮಿಂಚಿನಂತೆ ಕರಗಿಹೋಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ತಂದು ನಿಲ್ಲಿಸುತ್ತಾನೆ. ಆದಿದೇವನ ಕಣ್ಣಿಗೆ ಮಾತ್ರ ಆ ಬದಲಾವಣೆ ತಿಳಿದುಬಿಡುತ್ತದೆ. (ನಮ್ಮ ವೃತ್ತಿಯಲ್ಲಿ ಇದಕ್ಕೆ ಎಡಿಟಿಂಗ್ ಎನ್ನುತ್ತೇವೆ.) ಅದೇ ಪಂಪನ ಭಾರತದಲ್ಲಿ ಇಂದ್ರ ಬ್ರಾಹ್ಮಣ ವೇಷದಲ್ಲಿ ಬಂದು ಕರ್ಣನ ಸಹಜಕವಚವನ್ನು ಬೇಡುತ್ತಾನೆ, ತನ್ನ ಮಗ ಅರ್ಜುನ ಗೆಲ್ಲಲೆಂದು. ಒಬ್ಬನೇ ಕವಿ, ಒಂದೇ ಲೇಖನಿ, ಇಬ್ಬರು ಇಂದ್ರರು. ಯಾವ ಇಂದ್ರ ನಿಜ ಎಂದು ಪಂಪನನ್ನು ಕೇಳಿದವರಿಲ್ಲ.

ಈ ದೃಷ್ಟಿಯಲ್ಲಿ ಶಿವಮೊಗ್ಗ ಜಿಲ್ಲೆಯವರಿಗೆ ಹೇಳಿಕೊಡಬೇಕಾದದ್ದೇನಿದೆ? ತುಂಗೆಯ ದಡದ ಹೊಸಹಳ್ಳಿ ಗಮಕದ ಊರು. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಭಾರತ ವಾಚನ ಕೇಳಲು ಕೂತವರು ಕರ್ಣ ಬೀಳುವಾಗ ಕಣ್ಣೊರೆಸಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಕರ್ಣ ಯಾರ ಕಡೆಯವನು? ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ರಾವಣನಿಗೂ ಉದ್ಧಾರದ ದಾರಿ ತೆರೆದರು. ಆ ‘ಶ್ರೀರಾಮಾಯಣ ದರ್ಶನಂ’ಗೆ ಜ್ಞಾನಪೀಠವೇ ಬಂತು.

ಎಲ್ಲಕ್ಕಿಂತ ಹೆಚ್ಚಾಗಿ ದೀಪಾವಳಿ ಇದೆ. ಮಲೆನಾಡಿನ ಹಳ್ಳಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ಆ ಹಬ್ಬದಲ್ಲಿ ಬರಮಾಡಿಕೊಳ್ಳುವುದು ಯಾರನ್ನು? ಪಾತಾಳಕ್ಕೆ ತುಳಿಸಿಕೊಂಡ ಅಸುರ ಚಕ್ರವರ್ತಿಯನ್ನು. ಅವನನ್ನು ಬರೀ ಬಲಿ ಎನ್ನುವುದಿಲ್ಲ ನಮ್ಮವರು, ಬಲೀಂದ್ರ ಎನ್ನುತ್ತಾರೆ. ಬಲಿ ಎಂಬ ಇಂದ್ರ! ಭಾಗವತದ ಪ್ರಕಾರವೂ ಮುಂದಿನ ಮನ್ವಂತರದಲ್ಲಿ ಇಂದ್ರನಾಗುವವನು ಬಲಿಯೇ.

ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡದ್ದು ಇಲ್ಲಿಯೇ. ನಮ್ಮ ಪುರಾಣದಲ್ಲಿ ಇಂದ್ರ ಎಂಬುದು ವ್ಯಕ್ತಿಯ ಹೆಸರಿಗಿಂತ ಹೆಚ್ಚಾಗಿ ಒಂದು ಪದವಿ. ನೂರು ಅಶ್ವಮೇಧ ಮಾಡಿದವನು ಆ ಪೀಠಕ್ಕೆ ಅರ್ಹ. ವೃತ್ರನನ್ನು ಕೊಂದ ಪಾಪಕ್ಕೆ ಹೆದರಿ ಇಂದ್ರ ತಾವರೆಯ ದಂಟಿನಲ್ಲಿ ಅಡಗಿ ಕೂತಾಗ, ಭೂಲೋಕದ ನಹುಷ ಎಂಬ ರಾಜನನ್ನು ಕರೆದು ಕೂರಿಸಿದರು. ಅವನು ಮೊದಲು ಸಭ್ಯನೇ. ಪೀಠದ ಮೇಲೆ ಕೂತ ಕೆಲ ಕಾಲಕ್ಕೇ ಶಚಿಯ ಮೇಲೆ ಕಣ್ಣು ಹಾಕಿದ, ಋಷಿಗಳ ಹೆಗಲಿಗೆ ಪಲ್ಲಕ್ಕಿ ಹೊರಿಸಿದ, ಅಗಸ್ತ್ಯರ ಶಾಪದಿಂದ ಹಾವಾಗಿ ಬಿದ್ದ. ಕೆಟ್ಟದ್ದು ಇಂದ್ರನೋ, ಆ ಕುರ್ಚಿಯೋ? ಕುರ್ಚಿ ಕಳೆದುಹೋದೀತೆಂಬ ಭಯ ಇಂದ್ರನಿಂದ ಮಾಡಿಸಿದ ಕೆಲಸಗಳ ಪಟ್ಟಿಯನ್ನು, ರಾಗ್ನರೋಕಿನ ಭಯ ಓಡಿನ್‌ನಿಂದ ಮಾಡಿಸಿದ ಕೆಲಸಗಳ ಪಟ್ಟಿಯ ಜೊತೆ ಇಟ್ಟು ನೋಡಿ. ಕ್ಯಾಲಿಫೋರ್ನಿಯಾದ ಆ ಲೇಖಕರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಎಡ್ಡಾದಲ್ಲಿದ್ದ ಬೀಜಕ್ಕೆ ನೀರೆರೆದರು.

ಆದುದರಿಂದ ನನಗೆ ಅನಿಸುವುದಿಷ್ಟು. ಖಳತನ ಆ ದೇವರ ಕತೆಯೊಳಗಿಂದಲೇ ಬೆಳೆದು ಬಂದಿದ್ದರೆ ಅದು ಅಪಮಾನವಲ್ಲ, ಅದು ಕತೆಯನ್ನು ಮುಂದಕ್ಕೆ ಹೇಳುವ ರೀತಿ. ಕತೆಯ ಗಂಧವೇ ಇಲ್ಲದೆ ಹೆಸರು, ಬಣ್ಣ, ಆಯುಧ ಮಾತ್ರ ಕಿತ್ತುಕೊಂಡು ಬಡಿದಾಡುವ ಗೊಂಬೆಗೆ ಅಂಟಿಸಿದರೆ ಅದು ಬೇರೆ. ಅಪ್ಪನ ‘ನಾಳೆ ನಮ್ಮ ದೇವರು’ ಎಂಬ ಆತಂಕ ಸುಳ್ಳಲ್ಲ. ಆ ನಾಳೆ ಬಂದು ಹೋಗಿಯೂ ಆಗಿದೆ. 2009ರಲ್ಲಿ ಹನುಮಂತನನ್ನು ಆಡಿಸುವ ಆಟವೊಂದು ಬಂದಾಗ ವಿರೋಧ ಬಂತು. 2012ರಲ್ಲಿ ‘ಸ್ಮೈಟ್’ ಎಂಬ ಅಮೆರಿಕದ ಆಟದಲ್ಲಿ ಕಾಳಿಯನ್ನು ಅರೆಬರೆ ಉಡುಪಿನಲ್ಲಿ ಕಾದಾಡಲು ಬಿಟ್ಟಾಗಲೂ ಅಲ್ಲಿನ ಹಿಂದೂಗಳು ಆಕ್ಷೇಪಿಸಿದರು. ಆ ಕಾಳಿಯನ್ನು ನೋಡಿ ನನಗೂ ಹಿತವೆನಿಸಲಿಲ್ಲ. ಅಲ್ಲಿ ಕತೆಯೇ ಇಲ್ಲ. ಅದೇ 2012ರಲ್ಲಿ ಜಪಾನಿನಿಂದ ಬಂದ ‘ಅಸುರಾಸ್ ರಾತ್’ ಎಂಬ ಆಟದಲ್ಲಿ ನಾಯಕನ ಹೆಸರೇ ಅಸುರ, ಅವನ ಮಗಳನ್ನು ಕದ್ದವರು ದೇವತೆಗಳು! ಅದರ ಬಗ್ಗೆ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಪ್ರಾಚೀನ ಇರಾನಿನವರಿಗಂತೂ ಅಹುರ ಪೂಜ್ಯ, ದೈವ ದುಷ್ಟ. ನಮ್ಮ ಇಂದ್ರ ಅವರ ಗ್ರಂಥದಲ್ಲಿ ದುಷ್ಟರ ಸಾಲಿನಲ್ಲಿದ್ದಾನೆ. ನೆರೆಯವರಿಬ್ಬರು ಜಗಳವಾಡಿ ಬೇರೆಯಾದರೆ ಒಬ್ಬರ ಮನೆದೇವರು ಇನ್ನೊಬ್ಬರ ಭೂತವಾಗುವುದು ಬಹಳ ಹಳೆಯ ಪದ್ಧತಿ.

ಪೋಷಕರಿಗೆ ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾದೀತು. ಈ ಆಟಗಳು ಮಕ್ಕಳವಲ್ಲ. ಯುರೋಪಿನ ವರ್ಗೀಕರಣದಲ್ಲಿ ‘ಗಾಡ್ ಆಫ್ ವಾರ್’ನ ಈ ಎರಡೂ ಭಾಗಗಳಿಗೆ 18 ಎಂಬ ಮುದ್ರೆ ಇದೆ, ಅಮೆರಿಕದಲ್ಲಿ 17 ತುಂಬಿದವರಿಗೆ. ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ, ಓದಬೇಕು. ನನ್ನ ಸೋದರಳಿಯನಿಗೆ ವಯಸ್ಸಾಗಿತ್ತು ಸರಿ. ಅವನ ಹಿಂದೆ ಬೀದಿಯ ಚಿಕ್ಕ ಚಿಕ್ಕ ಮಕ್ಕಳು ಬಾಯಿಬಿಟ್ಟುಕೊಂಡು ಕೂತಿದ್ದವಲ್ಲ, ಅದು ನನಗೆ ದೇವರ ವಿಷಯಕ್ಕಿಂತ ಹೆಚ್ಚಿನ ಚಿಂತೆಯಾಯಿತು. ಅವರನ್ನು ಅಕ್ಕ ಮರುದಿನದಿಂದಲೇ ಹೊರಗಟ್ಟಿದಳು.

ಇನ್ನು ಅಪ್ಪನಿಗೆ ಉತ್ತರ ಹೇಳುವ ಕೆಲಸ ಉಳಿದಿತ್ತು. ಭದ್ರಾವತಿಗೆ ಹೋದೆ. ಇಂದ್ರನಿಂದ ಆರಂಭಿಸುವುದು ಬೇಡವೆನಿಸಿ ಸುತ್ತಿಗೆಯಿಂದ ಆರಂಭಿಸಿದೆ. ಬೆಂಕಿಪುರ ಎಂಬ ಹೆಸರಿದ್ದ ಊರು ಭದ್ರಾವತಿ. 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ಕಬ್ಬಿಣ ತೆಗೆದ ಊರು. ಅಲ್ಲಿ ಕಬ್ಬಿಣದ ಮಾತಿಗೆ ಕಿವಿಗೊಡದವರಿಲ್ಲ.

‘ಆ ಸುತ್ತಿಗೆಗೆ ಹಿಡಿ ಯಾಕೆ ಗಿಡ್ಡ ಗೊತ್ತೇನಪ್ಪಾ?’ ಎಂದೆ. ಎಡ್ಡಾದ ಕತೆ ಹೇಳಿದೆ. ಬ್ರೋಕ್, ಸಿಂಡ್ರಿ ಎಂಬ ಅಣ್ಣತಮ್ಮಂದಿರು, ಕುಬ್ಜ ಕಮ್ಮಾರರು. ಸಿಂಡ್ರಿ ಕುಲುಮೆಗೆ ಕಬ್ಬಿಣ ಹಾಕಿ, ‘ನಾನು ಬರುವವರೆಗೆ ತಿದಿ ನಿಲ್ಲಿಸಬೇಡ’ ಎಂದು ಸೋದರನಿಗೆ ಹೇಳಿ ಹೋದ. ಲೋಕಿ ನೊಣವಾಗಿ ಬಂದು ಬ್ರೋಕನ ಕೈ ಕಚ್ಚಿದ, ಕುತ್ತಿಗೆ ಕಚ್ಚಿದ. ಅವನು ತಿದಿ ಬಿಡಲಿಲ್ಲ. ಕೊನೆಗೆ ರೆಪ್ಪೆ ಕಚ್ಚಿ ಕಣ್ಣಿಗೆ ರಕ್ತ ಇಳಿದಾಗ ಒಂದೇ ಒಂದು ಕ್ಷಣ ಕೈಯೆತ್ತಿ ಒರೆಸಿಕೊಂಡ. ಅಷ್ಟಕ್ಕೇ ಹಿಡಿ ಗಿಡ್ಡವಾಯಿತು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಗಾಳಿ ನಿಲ್ಲಿಸಬಾರದು, ಅದು ನಿಜ’ ಎಂದರು. ಆಮೇಲೆ, ‘ಆ ಅಣ್ಣತಮ್ಮ ಆ ಆಟದಲ್ಲಿದಾರೇನೋ?’

ಇದ್ದಾರೆ. ಕ್ರೇಟೋಸನಿಗೆ ಆಯುಧ ಸಾಣೆ ಹಿಡಿದುಕೊಡುವವರು ಅವರೇ. ಮುಂದಿನ ವಾರ ಅಪ್ಪ ಶಿವಮೊಗ್ಗಕ್ಕೆ ಬಂದು ಮೊಮ್ಮಗನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಇಂಗ್ಲಿಷ್ ಅರ್ಥವಾಗದು, ಹುಡುಗ ಕನ್ನಡದಲ್ಲಿ ಹೇಳುತ್ತ ಹೋದ. ಹೊಡೆದಾಟ ಬಂದಾಗ ಅಪ್ಪ ಪೇಪರು ಓದುವರು. ಕಮ್ಮಾರರು ಬಂದಾಗ ಪೇಪರು ಮಡಚುವರು. ನಡುವೆ ಟಿರ್ ಎಂಬ ದೇವತೆಯೊಬ್ಬ ಬಂದ. ಸೆರೆಯಿಂದ ಬಿಡಿಸಿ ತಂದವನು, ಆಜಾನುಬಾಹು, ಯುದ್ಧವೇ ಬೇಡವೆನ್ನುವ ಸಾಧು. ಅಪ್ಪ ಅವನನ್ನು ಎರಡು ದಿನ ನೋಡಿ ಹೇಳಿದರು: ‘ಇವನು ಸರಿಯಿಲ್ಲ ಕಣೋ. ಈ ವಿನಯ ಬೇಡೋಕೆ ಬಂದವನ ವಿನಯ.’

ಹುಡುಗ ನಕ್ಕ. ‘ಇಲ್ಲ ಅಜ್ಜ, ಇವನೊಬ್ಬನೇ ಒಳ್ಳೆಯವನು.’

ಓದುಗರೆ, ಆ ಆಟ ಆಡಬೇಕೆಂದಿರುವವರು ಮುಂದಿನ ನಾಲ್ಕು ಸಾಲು ಬಿಟ್ಟು ಓದಿ. ಟಿರ್ ಟಿರ್ ಅಲ್ಲ, ವೇಷ ಮರೆಸಿಕೊಂಡ ಓಡಿನ್. ಗುಟ್ಟನ್ನು ಮೊದಲು ಹಿಡಿದವನು ಕಮ್ಮಾರ ಬ್ರೋಕ್. ಹಿಡಿದ ತಪ್ಪಿಗೆ ಓಡಿನ್ ಅವನನ್ನು ಇರಿದು ಕೊಲ್ಲುತ್ತಾನೆ. ಅಂದು ಅಪ್ಪ ಊಟ ಸರಿಯಾಗಿ ಮಾಡಲಿಲ್ಲವೆಂದು ಅಕ್ಕ ಹೇಳಿದಳು.

ಅಪ್ಪನಿಗೆ ಅದು ಹೇಗೆ ಮೊದಲೇ ತಿಳಿಯಿತೆಂದು ಹುಡುಗನಿಗೆ ಸೋಜಿಗ. ನನಗೂ ಅಷ್ಟೆ. ಕೇಳಿದರೆ, 1970ರ ದಶಕದಲ್ಲಿ ಕಾರ್ಖಾನೆಯ ಗೆಳೆಯರು ಸೇರಿ ಹಬ್ಬಕ್ಕೆ ಕರ್ಣನ ನಾಟಕ ಕಟ್ಟಿದಾಗ ಅವರು ವಹಿಸಿದ್ದ ಪಾತ್ರ ಇಂದ್ರನದಂತೆ. ನನಗೆ ಈ ಸಂಗತಿ ಅದುವರೆಗೆ ಗೊತ್ತಿರಲಿಲ್ಲ. ಕರ್ಣನ ಪಾತ್ರ ಸಿಗಲಿಲ್ಲವೆಂದು ಮೊದಲು ಬೇಸರವಾಗಿತ್ತಂತೆ. ‘ಕಿರೀಟ ಇಟ್ಟುಕೊಂಡು ಬರೋ ಸೀನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಡ ಬ್ರಾಹ್ಮಣನಾಗಿ ಕೈಯೊಡ್ಡಿ ನಿಂತೆ ನೋಡು, ಮುಂದಿನ ಸಾಲಿನ ಹೆಂಗಸರು ಶಾಪ ಹಾಕಿದರು. ಆವಾಗ ಗೊತ್ತಾಯ್ತು ಪಾತ್ರ ಬಂತು ಅಂತ.’

ಆಟದ ಕೊನೆಯಲ್ಲಿ ಥಾರ್ ಇನ್ನು ಕೊಲ್ಲಲಾರೆನೆಂದು ಸುತ್ತಿಗೆ ಕೆಳಗಿಳಿಸುತ್ತಾನೆ. ಅದಕ್ಕಾಗಿ ತಂದೆಯ ಕೈಯಲ್ಲೇ ಸಾಯುತ್ತಾನೆ. ಓಡಿನ್‌ನ ಆತ್ಮವನ್ನು ಒಂದು ಗೋಲಿಯೊಳಗೆ ಹಿಡಿದಿಡುತ್ತಾರೆ. ಏನು ಮಾಡುವುದೆಂದು ಉಳಿದವರು ನೋಡುತ್ತಿರುವಾಗಲೇ ಸೋದರನನ್ನು ಕಳೆದುಕೊಂಡ ಸಿಂಡ್ರಿ ಮುಂದೆ ಬಂದು, ತನ್ನ ಸುತ್ತಿಗೆಯಿಂದ ಅದನ್ನು ಒಡೆದುಹಾಕುತ್ತಾನೆ. ಒಂದು ಮಾತೂ ಆಡುವುದಿಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ‘ಥಾರ್ ಪಾಪದವನು ಕಣೋ, ಕರ್ಣನ ಜಾತಿ. ಅವನನ್ನ ಕೆಟ್ಟವನು ಅಂದೆಯಲ್ಲ’ ಎಂದು ಮೊಮ್ಮಗನನ್ನೇ ಗದರಿದರು. ಹುಡುಗ ಅದಕ್ಕೆ ಎದುರಾಡಲಿಲ್ಲ. ಅಜ್ಜನ ನಾಟಕದ ಇಂದ್ರನ ಮಾತುಗಳನ್ನು ಹೇಳಿ ಎಂದು ಮೊಬೈಲಿನ ರೆಕಾರ್ಡರ್ ಒತ್ತಿ ಮುಂದೆ ಹಿಡಿದ. ಅಪ್ಪ ಎದ್ದು ನಿಂತು, ಕೈಯೊಡ್ಡಿ, ಅರ್ಧ ಹೇಳಿದರು. ಉಳಿದರ್ಧ ಮರೆತುಹೋಗಿತ್ತು. ಕರ್ಣನ ಪಾತ್ರ ಮಾಡಿದ್ದವರು ಈಗಲೂ ಭದ್ರಾವತಿಯ ಹಳೆ ಊರಿನಲ್ಲಿದ್ದಾರೆ, ಅವರಿಗೆ ಎರಡೂ ಕಡೆಯ ಮಾತು ನೆನಪಿರಬಹುದು ಎಂದರು. ಮುಂದಿನ ಭಾನುವಾರ ಅಜ್ಜ ಮೊಮ್ಮಗ ಇಬ್ಬರೂ ಅಲ್ಲಿಗೆ ಹೋಗಿ ಬಂದರು.